ಹತ್ತೇ ನಿಮಿಷ ಸಾರ್!

ನನಗೆ ಹಳೇ ಮನೆಯೊಂದು ಬೇಕು ಅನ್ನಿಸಿದ್ದು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ. ಪೀಣ್ಯದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಬೇರೆಯವರ ದುಡ್ಡು ಎಣಿಸುತ್ತಿರುವವನು ನಾನು. ಅಲ್ಲಿಂದ ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಗೆ ಎಂಟು ಕಿಲೋಮೀಟರು. ಅದರಲ್ಲಿ ಏಳು ಕಿಲೋಮೀಟರು ರಸ್ತೆ, ಒಂದು ಕಿಲೋಮೀಟರು ಸಿಗ್ನಲ್ಲು; ಹೊತ್ತಿನ ಲೆಕ್ಕ ಹಾಕಿದರೆ ಮಾತ್ರ ಅದೇ ಉಲ್ಟಾ. ಅಂದು ನನ್ನ ಸ್ಕೂಟರಿನ ಮುಂದೆ ನಿಂತಿದ್ದ ಬಸ್ಸಿನ ಬೆನ್ನಿನ ಮೇಲೊಂದು ಜಾಹೀರಾತಿತ್ತು. ಹಸಿರು ಹುಲ್ಲು, ಕೆಂಪು ಹೆಂಚಿನ ಮನೆ, ಜಗಲಿಯ ಮೇಲೆ ಕಾಫಿ ಹಿಡಿದು ನಗುತ್ತಿರುವ ಒಬ್ಬ ಮನುಷ್ಯ. ‘ನಗರದಿಂದ ಕೇವಲ 40 ನಿಮಿಷ’ ಎಂದು ಬರೆದಿತ್ತು. ನಾನು ಆ ಬಸ್ಸಿನ ಹಿಂದೆ ನಿಂತು ಆಗಲೇ ಇಪ್ಪತ್ತು ನಿಮಿಷವಾಗಿತ್ತು. ಅಂದರೆ ಅರ್ಧ ದಾರಿ ಬಂದ ಹಾಗೇ ಆಯಿತಲ್ಲ ಎಂದು ಲೆಕ್ಕಿಗನ ತಲೆ ಲೆಕ್ಕ ಹಾಕಿತು.

ಮನೆಗೆ ಬಂದವನೇ ಹೆಲ್ಮೆಟ್ಟು ಕೂಡ ತೆಗೆಯದೆ ಘೋಷಿಸಿದೆ: “ನಾವೊಂದು ಹಳೇ ಮನೆ ತಗೋಬೇಕು. ಹೆಂಚಿನದು. ಹಿಂದೆ ಅರ್ಧ ಎಕರೆ ಜಮೀನು, ಬಾವಿ, ಒಂದು ಹುಣಸೆಮರ. ಆಫೀಸಿಗೆ ದಿನಾ ಹೋಗಿಬರೋ ಹಾಗಿರಬೇಕು.”

ನನ್ನ ಹೆಂಡತಿ ಕುಣಿಗಲ್ ಕಡೆಯ ಹಳ್ಳಿಯವಳು. ಮದುವೆಯಾಗುವ ತನಕ ಹೆಂಚಿನ ಮನೆಯಲ್ಲಿ ಬೆಳೆದವಳು. ಅವಳು ಸಾರಿಗೆ ಒಗ್ಗರಣೆ ಹಾಕುತ್ತ, ತಿರುಗಿ ಕೂಡ ನೋಡದೆ, “ರೀ, ಮಳೆಗಾಲದಲ್ಲಿ ಹೆಂಚು ಕೈಯಾಡಿಸೋರು ಯಾರು?” ಅಂದಳು.

ಹೆಂಚು ಕೈಯಾಡಿಸುವುದು ಅಂದರೇನೆಂದು ನನಗೆ ಗೊತ್ತಿರಲಿಲ್ಲ. ಪ್ರೀತಿಯಿಂದ ಸವರುವುದು ಇರಬೇಕು ಅಂದುಕೊಂಡೆ. “ನಾನೇ ಕೈಯಾಡಿಸ್ತೀನಿ ಬಿಡು” ಅಂದೆ. ಒಳಕೋಣೆಯಿಂದ ಅಮ್ಮ ನಕ್ಕದ್ದು ಕೇಳಿಸಿತು. ಆಮೇಲೆ ಮಗಳು ಮೊಬೈಲಿನಲ್ಲಿ ತೋರಿಸಿದಳು: ಮಳೆಗಾಲಕ್ಕೆ ಮುಂಚೆ ಮಾಡಿನ ಮೇಲೆ ಹತ್ತಿ, ಜಂತೆ ಮುರಿಯದಂತೆ ಬೆಕ್ಕಿನ ಹೆಜ್ಜೆ ಇಟ್ಟು, ಒಂದೊಂದೇ ಹೆಂಚು ಎತ್ತಿ, ಕಸ ಬಳಿದು, ಒಡೆದದ್ದು ಬದಲಾಯಿಸಿ, ಮತ್ತೆ ಸಾಲು ಜೋಡಿಸುವ ಕೆಲಸ ಅದು. ನನ್ನ ತೂಕ ಎಂಬತ್ತಾರು ಕಿಲೋ.

ಅಮ್ಮನ ಅಭಿಪ್ರಾಯವನ್ನು ಕೇಳಬಾರದಿತ್ತು, ಕೇಳಿಬಿಟ್ಟೆ. “ನಿಮ್ಮಪ್ಪ ಅಂಥದ್ದೇ ಮನೇನ ಮಾರಿ ತಾನೇ ಕಣೋ ಇಲ್ಲಿಗೆ ಬಂದದ್ದು? ಬಂದ ದಿನ ವಠಾರದಲ್ಲಿ ಕೊಳಾಯಿ ತಿರುಗಿಸಿದೆ. ನೀರು ತಾನಾಗೇ ಬಂತು. ಅತ್ತುಬಿಟ್ಟೆ.”

“ಊರು ಬಿಟ್ಟ ದುಃಖಕ್ಕಾ ಅಮ್ಮ?”

“ಸಂತೋಷಕ್ಕೆ ಕಣೋ, ದಡ್ಡ!”

ಇಷ್ಟಾದರೂ ನನ್ನ ಹುರುಪು ತಗ್ಗಲಿಲ್ಲ. ಮರುದಿನವೇ ಒಂದು ಗುದ್ದಲಿ, ಒಂದು ಹುಲ್ಲಿನ ಟೋಪಿ, ಮೊಣಕಾಲುದ್ದದ ಒಂದು ಜೊತೆ ಗಂಬೂಟು ಕೊಂಡುಕೊಂಡೆ. ಜಮೀನೇ ಇಲ್ಲದೆ ಗುದ್ದಲಿ ಏಕೆ ಎಂದು ಕೇಳುವವರಿಗೆ ನನ್ನ ಉತ್ತರ: ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮ ವಂಶದ ಪದ್ಧತಿ. ಬಾಲ್ಕನಿಯಲ್ಲಿ ನಾನು ಸಾಕಿದ ಮೂರು ತುಳಸಿಗಳಲ್ಲಿ ಎರಡು ಒಣಗಿ, ಒಂದು ಕೊಳೆತು ಸತ್ತಿದ್ದವು ಎಂಬ ವಿಷಯವನ್ನು ಆ ಹೊತ್ತಿನಲ್ಲಿ ಮಗಳು ನೆನಪಿಸಿದ್ದು ನನಗೆ ಸರಿಕಾಣಲಿಲ್ಲ.

ಲೆಕ್ಕಪತ್ರದವನಾದ್ದರಿಂದ ಎಕ್ಸೆಲ್ಲಿನಲ್ಲಿ ಒಂದು ಪಟ್ಟಿ ಮಾಡಿದೆ. ಪೀಣ್ಯದಿಂದ ದೂರ, ಮನೆಯ ವಯಸ್ಸು, ಗೋಡೆ ಮಣ್ಣಿನದೋ ಕಲ್ಲಿನದೋ, ಬಾವಿಯಲ್ಲಿ ನೀರಿದೆಯೋ ಇಲ್ಲವೋ, ಮರಗಳೆಷ್ಟು, ಗುಂಟೆ ಎಷ್ಟು. ಗುಂಟೆ ಅಂದರೆ 1,089 ಚದರಡಿ, ನಲವತ್ತು ಗುಂಟೆಗೆ ಒಂದು ಎಕರೆ. ಅಂದರೆ ಬೆಂಗಳೂರಿನವರು ಜೀವಮಾನವಿಡೀ ಕಂತು ಕಟ್ಟಿ ಕೊಳ್ಳುವ ಮೂವತ್ತು ನಲವತ್ತರ ಸೈಟು ಹಳ್ಳಿಯ ಲೆಕ್ಕದಲ್ಲಿ ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚು, ತಿಪ್ಪೆಗೆ ಬಿಡುವ ಜಾಗ. ಈ ಲೆಕ್ಕ ತಿಳಿದ ಮೇಲೆ ನನ್ನ ಆಸೆ ಹುಚ್ಚಿಗೆ ತಿರುಗಿತು. ಅದೂ ಅಲ್ಲದೆ, ಮುಂಚೆ ನನ್ನಂಥ ಕೃಷಿಕನಲ್ಲದವನು ಕೃಷಿ ಜಮೀನು ಕೊಳ್ಳುವುದಕ್ಕೆ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಅಡ್ಡ ನಿಂತಿದ್ದವು. 2020ರಲ್ಲಿ ಸರ್ಕಾರ ಅವನ್ನು ತೆಗೆದುಹಾಕಿತು. ರೈತರು ಬೀದಿಗಿಳಿದು ವಿರೋಧಿಸಿದರು. ನನ್ನಂಥವರ ಕೈಗೆ ಮಣ್ಣು ಸಿಕ್ಕಿದರೆ ಏನಾಗುತ್ತದೆಂದು ಅವರಿಗೆ ನನ್ನ ತುಳಸಿಗಳನ್ನು ನೋಡದೆಯೇ ತಿಳಿದಿತ್ತು.

ಇನ್ನು ದಲ್ಲಾಳಿ. ಅವನ ಬಾಯಲ್ಲಿ ಎರಡೇ ಮಾತು: “ಕ್ಲಿಯರ್ ಟೈಟಲ್ ಸಾರ್”, “ಹತ್ತೇ ನಿಮಿಷ ಸಾರ್”. ನನ್ನ ಬಜೆಟ್ಟು ಕೇಳಿದಾಗ ಮಾತ್ರ ಮೂರನೆಯದೊಂದು ಮಾತಾಡಿದ: “ಆ ದುಡ್ಡಿಗೆ ಜಮೀನು ಬರಲ್ಲ ಸಾರ್, ಜಮೀನಿನ ಫೋಟೋ ಬರ್ತದೆ.” ಆದರೂ ಭಾನುವಾರಕ್ಕೊಂದರಂತೆ ತೋರಿಸುತ್ತ ಹೋದ. ಅವನ ಹತ್ತು ನಿಮಿಷವನ್ನು ನಾನು ಗಡಿಯಾರ ಹಿಡಿದು ಅಳೆದಿದ್ದೇನೆ. ನೆಲಮಂಗಲದ ಕಡೆ ಅದು ಮೂವತ್ತೈದು ನಿಮಿಷ, ದೊಡ್ಡಬಳ್ಳಾಪುರದ ಕಡೆ ಐವತ್ತು. ದಾಬಸ್‌ಪೇಟೆ ದಾಟಿದ ಮೇಲೆ ಅಳೆಯುವುದನ್ನು ಬಿಟ್ಟುಬಿಟ್ಟೆ.

ನೆಲಮಂಗಲದ ಹತ್ತಿರ ಅವನು ತೋರಿಸಿದ ‘ಹಳೇ ಮನೆ’ 2009ರಲ್ಲಿ ಕಟ್ಟಿದ್ದು. ಆರ್‌ಸಿಸಿ ತಾರಸಿ, ಮೂರು ಕಡೆ ಸೋರುತ್ತಿತ್ತು. ಹಳೇದು ಅನ್ನುವುದಕ್ಕೆ ಅವನ ಪ್ರಕಾರ ಸೋರಿಕೆಯೇ ಸಾಕ್ಷಿ. ದೊಡ್ಡಬಳ್ಳಾಪುರದಲ್ಲಿ ಕಂಡ ಮನೆ ನಿಜಕ್ಕೂ ಹಳೆಯದು, ಚೆಂದದ್ದು. ಆದರೆ ನಡುಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗ ಖಟಖಟ ಕುಟ್ಟುತ್ತಿದ್ದವು. ಮನೆಯವರು ನನ್ನ ಕಿವಿಯ ಬಳಿ ಬಾಯಿಟ್ಟು ಕೂಗಿ ಹೇಳಿದ್ದು: “ನಾವು ಖಾಲಿ ಮಾಡ್ತೀವಿ ಸಾರ್, ಮಗ್ಗ ಮಾತ್ರ ಇನ್ನೂ ಮೂರು ವರ್ಷ ಇಲ್ಲೇ ಇರ್ತದೆ!” ಇನ್ನೊಂದು ಕಡೆ, “ರಸ್ತೆಗೆ ಹತ್ತಿರವೇನಪ್ಪ?” ಎಂದು ಕೇಳಿದ್ದಕ್ಕೆ ದಲ್ಲಾಳಿ ಹೆಮ್ಮೆಯಿಂದ “ರಸ್ತೆ ಮೇಲೇ ಇದೆ ಸಾರ್” ಅಂದ. ಹೋಗಿ ನೋಡಿದರೆ ಅವನು ಸುಳ್ಳು ಹೇಳಿರಲಿಲ್ಲ. ಬರಲಿರುವ ರಸ್ತೆಯೊಂದಕ್ಕೆ ನೆಟ್ಟ ಗುರುತಿನ ಕಲ್ಲುಗಳಲ್ಲಿ ಒಂದು ಹಿತ್ತಿಲಿನಲ್ಲಿತ್ತು, ಇನ್ನೊಂದು ಮುಂಬಾಗಿಲ ಎದುರಿತ್ತು. ರಸ್ತೆ ಅಡುಗೆಮನೆಯ ಮೂಲಕ ಹಾದುಹೋಗುವುದಿತ್ತು.

ದಾಬಸ್‌ಪೇಟೆಯ ಆಚೆ, ಶಿವಗಂಗೆ ಬೆಟ್ಟ ಕಾಣುವ ಊರಿನಲ್ಲಿ ಕಂಡ ತೊಟ್ಟಿಮನೆಗೆ ನಾನು ಮನಸೋತೆ. ಕೆತ್ತನೆಯ ಬಾಗಿಲು, ನಾಲ್ಕು ಕಂಬ, ನಡುವೆ ಆಕಾಶ. ದೂರವೂ ಚಿಂತೆಯಿಲ್ಲ. ತುಮಕೂರು ರೈಲು ಹಿಡಿದು ಯಶವಂತಪುರದಲ್ಲಿಳಿದು ಮೆಟ್ರೊ ಹತ್ತಿದರೆ ಪೀಣ್ಯ. ಕಂಬವೊಂದನ್ನು ತಬ್ಬಿಕೊಂಡು, “ಇದೇ ಇರಲಿ” ಅಂದೆ. ಆಗ ಯಜಮಾನರು ಗಂಟಲು ಸರಿಮಾಡಿಕೊಂಡರು. ಮನೆ ಅಣ್ಣತಮ್ಮಂದಿರ ಪಾಲಾಗಿತ್ತಂತೆ. ಮಾರಾಟಕ್ಕಿರುವುದು ಮೂಡಣ ಅರ್ಧ. ಬಾಗಿಲು ನಮ್ಮದು, ಅಡುಗೆಮನೆ ಅವರದು. ತೊಟ್ಟಿಯಲ್ಲಿ ಬೀಳುವ ಮಳೆ ಇಬ್ಬರದೂ. “ನೀವು ತಬ್ಬಿಕೊಂಡಿರೋ ಕಂಬ ನಮ್ಮ ತಮ್ಮನದು” ಎಂದು ಅವರು ಸಂಕೋಚದಿಂದಲೇ ಹೇಳಿದರು. ಬಿಟ್ಟೆ. ಹಿಂದಿನ ಹುಣಸೆಮರದ ಬಗ್ಗೆ ವಿಚಾರಿಸಿದೆ. ಮರ ದೊಡ್ಡಪ್ಪನ ಮಕ್ಕಳಿಗೆ ಹೋಗಿತ್ತು. ಅದರ ನೆರಳು ಮಾತ್ರ, ಸಂಜೆಯ ಹೊತ್ತು, ನಮ್ಮ ಕಡೆಗೆ ಬೀಳುತ್ತಿತ್ತು.

ಇಷ್ಟರಲ್ಲಿ ವಕೀಲರೊಬ್ಬರನ್ನು ಹಿಡಿದಿದ್ದೆ. ಅವರು ಒಂದು ಚೀಟಿ ಬರೆದುಕೊಟ್ಟರು. ಮದುವೆಯ ದಿನಸಿ ಪಟ್ಟಿಗಿಂತ ಉದ್ದ. ಮೂಲಪತ್ರ, ಮೂವತ್ತು ವರ್ಷದ ಇ.ಸಿ. (ಋಣಭಾರ ಪತ್ರ), ಪಹಣಿ, ಎಂ.ಆರ್., ಟಿಪ್ಪಣಿ, ಆಕಾರಬಂದು, ಪೋಡಿಯ ಸ್ಕೆಚ್ಚು, ವಂಶವೃಕ್ಷ. ಮನೆ ಗ್ರಾಮಠಾಣಾದೊಳಗಿದ್ದರೆ ಪಂಚಾಯ್ತಿಯ ನಮೂನೆ 9 ಮತ್ತು 11. ಜಮೀನು ಸರ್ಕಾರ ಮಂಜೂರು ಮಾಡಿದ್ದಾದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆಯೇ ಎಂದು ಬೇರೆ ನೋಡಬೇಕು. 2004ರ ಈಚಿನ ಇ.ಸಿ. ಕಂಪ್ಯೂಟರಿನಲ್ಲಿ ಸಿಕ್ಕುತ್ತದೆ, ಅದರ ಹಿಂದಿನದಕ್ಕೆ ಕೈಬರಹದ ಪುಸ್ತಕ ತೆಗೆಸಬೇಕು. ನಾನು ಇಪ್ಪತ್ತೆರಡು ವರ್ಷ ಲೆಡ್ಜರು ಓದಿದವನು ಎಂಬ ಗರ್ವದಿಂದ ಒಂದು ಪಹಣಿಯನ್ನು ಕೈಗೆತ್ತಿಕೊಂಡೆ. ಒಂದು ಗಂಟೆ ಓದಿ, ಇಪ್ಪತ್ತು ಗುಂಟೆಯಲ್ಲಿ ಆರು ಗುಂಟೆ ‘ಬ’ ಖರಾಬು ಎಂಬುದನ್ನು ಪತ್ತೆಹಚ್ಚಿ, “ಮಣ್ಣು ಸ್ವಲ್ಪ ಖರಾಬಿರಬೇಕು, ಗೊಬ್ಬರ ಹಾಕಿದ್ರೆ ಸರಿಹೋಗ್ತದೆ” ಎಂದು ವಕೀಲರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ‘ಬ’ ಖರಾಬು ಅಂದರೆ ಹಳ್ಳ, ದಾರಿ, ಮಸಣದಂಥ ಸಾರ್ವಜನಿಕ ಜಾಗ. ಅದಕ್ಕೆ ಎಷ್ಟು ಗೊಬ್ಬರ ಹಾಕಿದರೂ ಅದು ನನ್ನದಾಗುವುದಿಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ವಂಶವೃಕ್ಷ. ನನಗೆ ಬೇಕಾದದ್ದು ಹುಣಸೆಯ ವೃಕ್ಷ, ಎಲ್ಲ ಕಡೆ ಸಿಕ್ಕಿದ್ದು ಇದು. ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಮೇಲಂತೂ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಹಾಗಿದ್ದರೂ ಮಾರುವವರು ಹೆಣ್ಣುಮಕ್ಕಳ ಹೆಸರು ಹೇಳುವುದಕ್ಕೆ ಒಂದು ತಿಂಗಳು ತಗೊಳ್ಳುತ್ತಾರೆ. ಒಂದು ಮನೆಯಲ್ಲಿ ಮೊದಲು ಇಬ್ಬರೇ ವಾರಸುದಾರರಿದ್ದರು. ಎರಡನೆಯ ಸಲ ಹೋದಾಗ ಐವರು. ಮೂರನೆಯ ಸಲ ಹನ್ನೊಂದು ಜನ, ಅವರಲ್ಲೊಬ್ಬಳು ಸೊಲ್ಲಾಪುರದಲ್ಲಿ. ನಾಲ್ಕನೆಯ ಸಲ ಹೋದರೆ ನನ್ನ ಹೆಸರೂ ಅದರಲ್ಲಿ ಸೇರಿರಬಹುದೆಂಬ ಆಸೆ ಹುಟ್ಟಿತ್ತು. ಹೆಂಡತಿ ಬಿಡಲಿಲ್ಲ.

ಹೆಂಡತಿಯ ವಿಷಯ ಹೇಳಬೇಕು. ಪ್ರತಿ ಭಾನುವಾರವೂ ಅವಳು ಬರುತ್ತಿದ್ದಳು. ನಾನು ಕಂಬ, ಬಾಗಿಲು, ಜಗಲಿ ಎಂದು ಫೋಟೋ ತೆಗೆಯುತ್ತಿದ್ದರೆ ಅವಳು ನೇರವಾಗಿ ಹಿತ್ತಿಲಿಗೆ ಹೋಗಿ ಎರಡೇ ಪ್ರಶ್ನೆ ಕೇಳುತ್ತಿದ್ದಳು: “ಬಚ್ಚಲು ಎಲ್ಲಿ? ಕಕ್ಕಸು ಎಷ್ಟು ದೂರ?” ಆಮೇಲೆ ತೊಲೆಯನ್ನು ಬೆರಳಿನಿಂದ ತಟ್ಟಿ ಕಿವಿಗೊಡುತ್ತಿದ್ದಳು. “ಗೆದ್ದಲು” ಅನ್ನುತ್ತಿದ್ದಳು, ಡಾಕ್ಟರು ಎದೆಯ ಮೇಲೆ ಕೊಳವೆಯಿಟ್ಟು ‘ಕಫ’ ಅನ್ನುವ ಹಾಗೆ. ಅಷ್ಟಕ್ಕೆ ಅಂದಿನ ಮನೆ ಮುಗಿಯುತ್ತಿತ್ತು.

ಹದಿನೇಳನೆಯ ಮನೆ ಮಾಗಡಿ ರಸ್ತೆಯಲ್ಲಿ ಸಿಕ್ಕಿತು. ತಾವರೆಕೆರೆ ದಾಟಿ, ಎಡಕ್ಕೆ ತಿರುಗಿ, ದಲ್ಲಾಳಿಯ ಮೂರು ಹತ್ತು ನಿಮಿಷ ಒಳಕ್ಕೆ. ಬೆಂಗಳೂರು ಬಿಟ್ಟು ಮಾಗಡಿಯ ಕಡೆ ಮುಖ ಮಾಡಿದವರಲ್ಲಿ ನಾನು ಮೊದಲಿಗನಲ್ಲ ಎಂದು ದಾರಿಯುದ್ದಕ್ಕೂ ಮಗಳಿಗೆ ಇತಿಹಾಸ ಹೇಳಿದೆ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ ಬೆಂಗಳೂರನ್ನು ಗೆದ್ದಾಗ ಕೆಂಪೇಗೌಡರ ವಂಶದವರು ಮಾಗಡಿಗೇ ಹೋದದ್ದು. “ಅವರು ವಾಪಸ್ ಬೆಂಗಳೂರಿಗೆ ದಿನಾ ಆಫೀಸಿಗೆ ಬರ್ತಿದ್ರಾ ಅಪ್ಪಾ?” ಎಂದು ಮಗಳು ಕೇಳಿದಳು. ಇತಿಹಾಸ ಅಲ್ಲಿಗೆ ನಿಂತಿತು.

ಮನೆ ನೋಡಿದ ಮೇಲೆ ನನ್ನ ಬಾಯಿ ಕಟ್ಟಿತು. ದಪ್ಪ ಮಣ್ಣುಗೋಡೆ, ಕಲ್ಲುಚಪ್ಪಡಿಯ ಜಗಲಿ, ಮಂಗಳೂರು ಹೆಂಚು. ಹಿಂದೆ ಇಪ್ಪತ್ತೆರಡು ಗುಂಟೆ. ಅದರಲ್ಲಿ ಕೊಯ್ದ ರಾಗಿಯ ಕೂಳೆ, ನಡುನಡುವೆ ಅವರೆ ಸಾಲು. ಹಲಸು, ನುಗ್ಗೆ, ಬಾವಿ, ಮತ್ತು ಹೌದು, ಹುಣಸೆ. ದೂರದಲ್ಲಿ ಸಾವನದುರ್ಗದ ಬೋಳು ಬಂಡೆ. ಹೆಂಡತಿ ತೊಲೆ ತಟ್ಟಿದಳು, ಕಿವಿಗೊಟ್ಟಳು, ಏನೂ ಹೇಳಲಿಲ್ಲ. ಹದಿನೇಳು ಮನೆಗಳಲ್ಲಿ ಅದೇ ಮೊದಲ ಸಲ ಅವಳು ಸುಮ್ಮನಿದ್ದದ್ದು. ನನಗೆ ಭಯವಾಯಿತು.

ಮನೆಯಲ್ಲಿದ್ದದ್ದು ಒಬ್ಬಳೇ ಅಜ್ಜಿ. ಎಪ್ಪತ್ತೈದರ ಮೇಲಿರಬೇಕು. ಮಗ ಬೆಂಗಳೂರಿನಲ್ಲಿದ್ದಾನೆ, ಮಾರಿ ಬಂದುಬಿಡು ಎಂದು ಎರಡು ವರ್ಷದಿಂದ ಪೀಡಿಸುತ್ತಿದ್ದಾನೆ. ಅಜ್ಜಿ ನಮಗೆ ಮಜ್ಜಿಗೆ ಕೊಟ್ಟು, ಜಗಲಿಯ ಮೇಲೆ ಕೂತು, ನನ್ನ ಗಂಬೂಟನ್ನೇ ನೋಡುತ್ತಿದ್ದಳು. (ಹೌದು, ಹಾಕಿಕೊಂಡು ಹೋಗಿದ್ದೆ. ಜನವರಿ ತಿಂಗಳು, ನೆಲವೆಲ್ಲ ಒಣಗಿ ಬಿರಿದಿತ್ತು.)

“ಕಾಲ್ಗೇನಾಗೈತೆ ಸಾಮಿ?” ಎಂದಳು ಕೊನೆಗೆ, ಬಹಳ ಮರುಕದಿಂದ.

ನಾನು ವಿಷಯ ಬದಲಿಸಿ, ಕಳ್ಳಕಾಕರ ಭಯ ಉಂಟೇ ಎಂದು ಕೇಳಿದೆ. ಕಳ್ಳರಿಲ್ಲ, ಚಿರತೆ ಬತ್ತದೆ ಅಂದಳು, ಪೋಸ್ಟ್‌ಮ್ಯಾನ್ ಬರುತ್ತಾನೆ ಅನ್ನುವ ಹಾಗೆ. ಸಾವನದುರ್ಗದ ಕಾಡಿನ ಚಿರತೆ. ನಾಯಿ ಸಾಕಿದರಾಯಿತು ಎಂದೆ. “ಅಯ್ಯೋ, ನಾಯಿ ಇದ್ರೆ ತಾನೇ ಅದು ಬರೋದು! ನಾಯಿ ತಿನ್ನಕ್ಕೇ ಬತ್ತದೆ. ನಾಯಿ ಇಲ್ದಿದ್ರೆ ಯಾಕ್ ಬಂದಾತು?” ಕಳ್ಳನಿಗೆ ಹೆದರಿ ನಾಯಿ ಸಾಕಬೇಕು, ನಾಯಿ ಸಾಕಿದರೆ ಚಿರತೆ ಬರುತ್ತದೆ, ಚಿರತೆ ಬಂದರೆ ಕಳ್ಳ ಬರುವುದಿಲ್ಲ. ಲೆಕ್ಕ ಸರಿಯಾಗಿ ತಾಳೆಯಾಯಿತು. ಆದರೂ ಆ ಲೆಕ್ಕಕ್ಕೆ ಸಹಿ ಹಾಕಲು ಕೈ ಬರಲಿಲ್ಲ.

“ದಿನಾ ಪೀಣ್ಯಕ್ಕೆ ಓಗ್‌ಬರ್ತೀಯಾ? ಅಂಗಾದ್ರೆ ಒಂದ್ ದಿನ ಇದ್ದು ನೋಡು ಮಗ. ಆಮ್ಯಾಕೆ ಮಾತು” ಅಂದಳು ಅಜ್ಜಿ. ಸಾಮಿ ಹೋಗಿ ಮಗ ಆಗಿದ್ದೆ. ವ್ಯಾಪಾರ ಕುದುರುವ ಲಕ್ಷಣವೆಂದು ದಲ್ಲಾಳಿ ಕಣ್ಣು ಮಿಟುಕಿಸಿದ. ಅದು ಕುದುರುವ ಲಕ್ಷಣವಲ್ಲ, ಕನಿಕರದ ಲಕ್ಷಣ ಎಂದು ನನ್ನ ಹೆಂಡತಿಗೆ ಆಗಲೇ ತಿಳಿದಿತ್ತಂತೆ. ಆಮೇಲೆ ಹೇಳಿದಳು.

ಮುಂದಿನ ಭಾನುವಾರ ರಾತ್ರಿ ಒಬ್ಬನೇ ಹೋಗಿ ಅಲ್ಲಿ ತಂಗಿದೆ. ಊಟ ರಾಗಿಮುದ್ದೆ, ಅವರೆಕಾಳಿನ ಸಾರು. ಅದರ ಬಗ್ಗೆ ನಾನು ಏನೂ ತಮಾಷೆ ಮಾಡಲಾರೆ. ಆಮೇಲೆ ಜಗಲಿಯ ಮೇಲೆ ಚಾಪೆ. ನಕ್ಷತ್ರ ಅಷ್ಟೊಂದಿವೆ ಎಂದು ನನಗೆ ಗೊತ್ತಿರಲಿಲ್ಲ. ಚಿರತೆ ಎಷ್ಟಿವೆ ಎಂದೂ ಗೊತ್ತಿರಲಿಲ್ಲವಾದ್ದರಿಂದ ಒಂಬತ್ತೂವರೆಗೆ ಚಾಪೆ ಸುತ್ತಿಕೊಂಡು ಒಳಗೆ ಬಂದೆ. ಮಾಡಿನ ಮೇಲೆ ಏನೋ ಓಡಾಡಿತು. ಇಲಿ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ, ಇಲಿಯನ್ನು ಅಟ್ಟಿಸಿಕೊಂಡು ಇನ್ನೊಂದೇನೋ ಓಡಿತು. “ಕೇರೆಹಾವು ಕಣ್ ಮಗ, ಏನೂ ಮಾಡಾಕಿಲ್ಲ, ಮನೀಕೊ” ಎಂದು ಕತ್ತಲೆಯಿಂದ ಅಜ್ಜಿಯ ದನಿ ಬಂತು. ಮಲಗಿದೆ, ಅಂದರೆ ಅಡ್ಡವಾದೆ.

ನಮ್ಮ ಕಾರ್ಖಾನೆಯಲ್ಲಿ ಒಂಬತ್ತು ಗಂಟೆಗೆ ಬೆರಳು ಒತ್ತಬೇಕು. ಊರಿನಿಂದ ಆರೂ ಹತ್ತಕ್ಕೆ ಬಸ್ಸಿದೆ ಎಂದು ದಲ್ಲಾಳಿ ಹೇಳಿದ್ದ. ಇದ್ದದ್ದು ನಿಜ, ನಿಂತು ಎಷ್ಟು ವರ್ಷವಾಯಿತೆಂಬುದರಲ್ಲಿ ಮಾತ್ರ ಊರಿನಲ್ಲಿ ಒಮ್ಮತವಿರಲಿಲ್ಲ. ಅದು ತಿಳಿದಿದ್ದ ಅಜ್ಜಿ ನನ್ನನ್ನು ಮೂರೂವರೆಗೇ ಎಬ್ಬಿಸಿ, ಮಾರುಕಟ್ಟೆಗೆ ಹೊರಟಿದ್ದ ಸೊಪ್ಪಿನ ಟೆಂಪೋ ಹತ್ತಿಸಿದಳು. ಮುಂದಿನ ಸೀಟಿನಲ್ಲಿ ಮೂರು ಜನ ಆಗಲೇ ಇದ್ದರು. ನಾನು ಹಿಂದೆ, ಸಬ್ಬಸಿಗೆ ಕಟ್ಟುಗಳ ಮೇಲೆ. ಹೊಸದಾಗಿ ಕಿತ್ತ ಸೊಪ್ಪು ಎಷ್ಟು ಒದ್ದೆಯಿರುತ್ತದೆಂದು ಎಲ್ಲರಿಗೂ ತಿಳಿದಿರಲಾರದು. ನನಗೆ ತಿಳಿಯಿತು, ಬುಡದಿಂದ ಮೇಲಕ್ಕೆ.

ಒಂದು ವಿಷಯ ಒಪ್ಪಿಕೊಳ್ಳಬೇಕು. ಆ ಹೊತ್ತಿನಲ್ಲಿ ಬಸ್ಸಿನ ಬೆನ್ನಿನ ಜಾಹೀರಾತು ಅಕ್ಷರಶಃ ನಿಜ. ಬ್ಯಾಡರಹಳ್ಳಿ, ಸುಂಕದಕಟ್ಟೆ, ಸುಮನಹಳ್ಳಿ, ಒಂದೊಂದೂ ರೆಪ್ಪೆ ಬಡಿಯುವುದರೊಳಗೆ ಬಂದು ಹೋದವು. ಪೀಣ್ಯಕ್ಕೆ ನಲವತ್ತು ನಿಮಿಷದ ದಾರಿಯೇ ಹೌದು, ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ. ಸುಮನಹಳ್ಳಿಯಲ್ಲಿಳಿದು ಆಟೋ ಹಿಡಿದು ನಾಲ್ಕೂ ನಲವತ್ತಕ್ಕೆ ಕಾರ್ಖಾನೆಯ ಗೇಟಿನಲ್ಲಿದ್ದೆ. ರಾತ್ರಿ ಪಾಳಿಯ ಕಾವಲುಗಾರ ನನ್ನನ್ನು ನೋಡಿ ಎದ್ದು ನಿಂತ, ಮನೆಯಲ್ಲಿ ಜಗಳವೇ ಎಂದು ವಿಚಾರಿಸಿದ, ತನ್ನ ಕುರ್ಚಿ ಕೊಟ್ಟ. ಅದರಲ್ಲೇ ನಿದ್ದೆ ಹೋಗಿ, ಒಂಬತ್ತೂ ಐದಕ್ಕೆ ಎಚ್ಚೆತ್ತೆ. ಯಂತ್ರ ತಡ ಎಂದು ದಾಖಲಿಸಿಕೊಂಡಿತು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅತ್ಯಂತ ಬೇಗ ಬಂದ ದಿನವೇ ತಡವಾದ ಕೀರ್ತಿ ನನ್ನದು. ದಿನವಿಡೀ ಲೆಕ್ಕಪತ್ರ ವಿಭಾಗದಲ್ಲಿ ಸಬ್ಬಸಿಗೆ ವಾಸನೆ. ಮಧ್ಯಾಹ್ನ ಮೂರು ಜನ ಸಹೋದ್ಯೋಗಿಗಳು ಕಟ್ಟಿಗೆ ಎಷ್ಟು ಎಂದು ಕೇಳಿದರು.

ಸಂಜೆ ಹಿಂದಿರುಗುವ ಪ್ರಯಾಣದ ಪರೀಕ್ಷೆಯನ್ನು ನಾನು ಮಾಡಲಿಲ್ಲ. ಬಸವೇಶ್ವರನಗರಕ್ಕೆ ಬಂದು ಮಲಗಿಬಿಟ್ಟೆ.

ಆದರೂ ಮನೆ ಕೈಬಿಡುವ ಮನಸ್ಸಿರಲಿಲ್ಲ. ವಾರಕ್ಕೆ ಎರಡು ದಿನ ಅಲ್ಲಿ, ಐದು ದಿನ ಇಲ್ಲಿ ಎಂದು ಹೊಸ ಲೆಕ್ಕ ಕಟ್ಟುತ್ತಿರುವಾಗ ಅಜ್ಜಿಯಿಂದಲೇ ಫೋನು. “ಅಲ್ಲ ಮಗ, ನೀನು ನಮ್ಮನೆ ಎಲ್ಲಾ ನೋಡ್ದೆ. ಇದ್ನ ಮಾರಿ ನಾನೂ ಒಂದು ಮನೆ ತಗಬೇಕಲ್ಲ. ಬೆಂಗ್ಳೂರ್ ಮನೆ ಎಂಗಿರ್ತದೆ ಅಂತ ನಾನ್ ನೋಡ್ಬ್ಯಾಡ್ವಾ? ನಿಮ್ಮನೇನೇ ತೋರ್ಸು.”

ಮುಂದಿನ ಭಾನುವಾರ ಮಗನ ಸ್ಕೂಟರಿನಲ್ಲಿ ಬಂದಳು, ಮಡಿಲ ತುಂಬ ಅವರೆಕಾಯಿ ಹೊತ್ತು. ನಮ್ಮದು ಎರಡನೇ ಮಹಡಿ. ನಾನು ಹದಿನೇಳು ಮನೆ ನೋಡಿದ್ದೆನಲ್ಲ, ಮನೆ ನೋಡುವುದು ಹೇಗೆಂದು ಅಂದು ಕಲಿತೆ. ಗೋಡೆ ತಟ್ಟಿದಳು. “ಪೊಳ್ಳು.” ಕೊಳಾಯಿ ತಿರುಗಿಸಿದಳು. “ಈ ನೀರು ಎಲ್ಲಿಂದು?” ಕಾವೇರಿ ನೀರು, ದಿನ ಬಿಟ್ಟು ದಿನ ಬರುತ್ತದೆ ಎಂದೆ. “ನಮ್ ಬಾವೀದು ಬೇಕಾದಾಗ ಬತ್ತದೆ.” ಕಿಟಕಿ ತೆಗೆದಳು. ಎದುರು ಮನೆಯವರ ಬಚ್ಚಲು ಕಂಡಿತು. ಮುಚ್ಚಿದಳು.

“ಬಾಡಿಗೆ ಎಷ್ಟು?”

“ಇಪ್ಪತ್ತೆರಡು ಸಾವಿರ, ಅಜ್ಜಿ.”

“ವರ್ಸಕ್ಕಾ?”

“ತಿಂಗಳಿಗೆ.”

ಅಜ್ಜಿ ನನ್ನ ಹೆಂಡತಿಯ ಕೈ ಹಿಡಿದುಕೊಂಡಳು. “ಆಪೀಸು ಎಷ್ಟು ದೂರ ಮಗ ನಿಂದು?”

“ಎಂಟು ಕಿಲೋಮೀಟರು.”

“ಎಷ್ಟೊತ್ತು ಹಿಡೀತದೆ?”

“ಸಂಜೆ ಆದ್ರೆ ಒಂದು ಗಂಟೆ, ಒಂದೂಕಾಲು.”

“ನಡ್ಕೊಂಡು ಓಗ್ತೀಯಾ?” ಎಂದಳು, ನಿಜವಾದ ಕಾಳಜಿಯಿಂದ.

ನಮ್ಮಮ್ಮ ಕೋಣೆಯಿಂದ ಹೊರಗೆ ಬಂದವಳು ಮತ್ತೆ ಒಳಗೆ ಹೋಗಲೇ ಇಲ್ಲ. ಇಬ್ಬರು ಮುದುಕಿಯರೂ ಕೂತು ಅವರೆಕಾಯಿ ಸುಲಿಯುತ್ತ, ಒಬ್ಬಳು ಬಾವಿಯನ್ನೂ ಇನ್ನೊಬ್ಬಳು ಕೊಳಾಯಿಯನ್ನೂ ಹೊಗಳಿಕೊಂಡರು. ಹೊರಡುವ ಹೊತ್ತಿಗೆ ಅಜ್ಜಿ ಮೆಟ್ಟಿಲ ಬಳಿ ನಿಂತು, ಕೈಯಿಂದ ಅಗಲ ಅಳೆದು, ಮಗನಿಗೆ ತೀರ್ಪು ಕೊಟ್ಟಳು: “ಇಂಥ ಮನೇಲಿ ನಾನು ಸತ್ರೆ, ಈ ತಿರುವಲ್ಲಿ ಎಂಗ್ಲಾ ಇಳುಸ್ತೀಯಾ ನನ್ನ? ನಿಲ್ಸಿಕೊಂಡ್ ಓಗ್ತೀಯಾ? ನಾನ್ ಒಲ್ಲೆ. ಮನೆ ಮಾರಾಕಿಲ್ಲ.” ಮಗ ನನ್ನನ್ನು ದುರುಗುಟ್ಟಿ ನೋಡಿದ. ಎರಡು ವರ್ಷ ಕಷ್ಟಪಟ್ಟು ತಾಯಿಯನ್ನು ಒಪ್ಪಿಸುವ ಹಂತಕ್ಕೆ ತಂದಿದ್ದನಂತೆ. ನನ್ನ ಮನೆ ಹತ್ತು ನಿಮಿಷದಲ್ಲಿ ಅದನ್ನು ಕೆಡಿಸಿತು. ಈ ಹತ್ತು ನಿಮಿಷ ಮಾತ್ರ ಗಡಿಯಾರದ ಪ್ರಕಾರವೂ ಹತ್ತೇ.

ಈಗ ನಾವು ತಿಂಗಳಿಗೆರಡು ಭಾನುವಾರ ಅಜ್ಜಿಯ ಮನೆಗೆ ಹೋಗುತ್ತೇವೆ, ನಾನು ಅವಳ ಹೊಲದಲ್ಲಿ ಕಳೆ ಕೀಳುತ್ತೇನೆ. ಇದನ್ನು ಗೇಣಿ ಅನ್ನುವಂತಿಲ್ಲ, ಕೂಲಿ ಅಂತಲೂ ಅನ್ನುವಂತಿಲ್ಲ. ಕೂಲಿಯವರಿಗೆ ದುಡ್ಡು ಕೊಡಬೇಕಾಗುತ್ತದೆ. ಹೆಂಡತಿ ಮತ್ತು ಅಜ್ಜಿ ಜಗಲಿಯ ಮೇಲೆ ಕೂತು, ನಾನು ಕಳೆ ಎಂದು ರಾಗಿಯನ್ನು ಕಿತ್ತಾಗಲೆಲ್ಲ ಕೂಗಿ ಹೇಳುತ್ತಾರೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದಿತ್ತು. ನಾನು ಏಣಿ ಹತ್ತಲು ಹೊರಟಾಗ ಅಜ್ಜಿ ನನ್ನನ್ನು ಮೇಲಿಂದ ಕೆಳಗೊಮ್ಮೆ ನೋಡಿ, “ನೀನು ಏಣಿ ಇಡ್ಕೊ ಮಗ ಸಾಕು” ಅಂದಳು. ಮೇಲೆ ಹತ್ತಿದವಳು ನನ್ನ ಹೆಂಡತಿ.

ದಲ್ಲಾಳಿ ಈಗಲೂ ಫೋನು ಮಾಡುತ್ತಾನೆ. ಕುಣಿಗಲ್ ರಸ್ತೆಯಲ್ಲೊಂದಿದೆಯಂತೆ.

ಕೊನೆಗೆ ಓದುಗರಲ್ಲಿ ಒಂದು ವಿನಂತಿ. ಎಂಟನೇ ನಂಬರಿನ ಗಂಬೂಟು ಒಂದು ಜೊತೆ ಮಾರಾಟಕ್ಕಿದೆ, ಒಂದೇ ಸಲ ಹಾಕಿದ್ದು, ಅದೂ ಒಣ ನೆಲದ ಮೇಲೆ. ಹುಲ್ಲಿನ ಟೋಪಿಯನ್ನು ಅದರ ಜೊತೆ ಪುಕ್ಕಟೆ ಕೊಡುತ್ತೇನೆ. ಗುದ್ದಲಿಯನ್ನು ಮಾತ್ರ ಕೇಳಬೇಡಿ. ಅದು ಅಜ್ಜಿಯ ಹತ್ತಿರ ಇದೆ. ಒಳ್ಳೇ ಗುದ್ದಲಿ, ನಿನ್ನ ಕೈಗೆ ದಂಡ ಅಂತ ಇಟ್ಟುಕೊಂಡಿದ್ದಾಳೆ.